ಅಮ್ಮನಿಗೆ ಉಳಿದ ಒಂದೇ ಮಾತು

ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ಮಗ ಅರ್ಧಕ್ಕೆ ಬಿಟ್ಟ ಗಣಿತದ ಪುಸ್ತಕ. ಮೊದಲ ಏಳೆಂಟು ಪುಟ ಅವನ ಬೀಜಗಣಿತ, ಮೇಷ್ಟ್ರ ಕೆಂಪು ಗೆರೆಗಳ ಸಮೇತ. ಅಲ್ಲಿಂದಾಚೆ ನನ್ನ ಲೆಕ್ಕ. 10 ಗಂಟೆ, ಎಡ. 12 ಗಂಟೆ, ಅಂಗಾತ. 2 ಗಂಟೆ, ಬಲ. 4 ಗಂಟೆ, ಎಡ. ದಿನಕ್ಕೊಂದು ಪುಟ. ಮೂರೂವರೆ ವರ್ಷದಲ್ಲಿ ಇಂಥ ಹದಿಮೂರು ಪುಸ್ತಕ ಮುಗಿದಿವೆ, ಇದು ಹದಿನಾಲ್ಕನೆಯದು. ಆಫೀಸಿನಲ್ಲೂ ನಾನು ಲೆಕ್ಕ ಬರೆಯುವವಳೇ. ಬರೆಯದೆ ಇದ್ದರೆ ಕೆಲಸ ಆಗೇ ಇಲ್ಲ ಅನ್ನಿಸುವ ಕಾಯಿಲೆ ಮೊದಲಿಂದಲೂ ಇದೆ.

ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಈ ಲೆಕ್ಕ ವಿವರಿಸಬೇಕಿಲ್ಲ. ಮಿಕ್ಕವರಿಗೆ ಹೇಳುತ್ತೇನೆ. ತಾವಾಗಿ ಹೊರಳಲು ಆಗದವರನ್ನು ಎರಡು ಗಂಟೆಗೊಮ್ಮೆ ನಾವು ಹೊರಳಿಸಬೇಕು. ಇಲ್ಲದಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೊದಲು ಕೆಂಪಾಗುತ್ತದೆ, ಆಮೇಲೆ ಹುಣ್ಣಾಗುತ್ತದೆ. ಹಿಮ್ಮಡಿ, ಸೊಂಟದ ಪಕ್ಕ, ಬೆನ್ನಿನ ಕೊನೆ. ಈ ಮೂರು ಜಾಗ ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತು. ರಾತ್ರಿ ಟಾರ್ಚ್ ಹಿಡಿದು ನೋಡುತ್ತೇನೆ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ಮಧ್ಯೆ ಒಂದು ದಿಂಬು, ಹಿಮ್ಮಡಿ ತೇಲುವ ಹಾಗೆ ಇನ್ನೊಂದು. ಆಮೇಲೆ ಪೆನ್ನು ತೆಗೆದು ಬರೆಯುತ್ತೇನೆ.

ಅಮ್ಮನಿಗೆ ಪಾರ್ಶ್ವವಾಯು ಹೊಡೆದದ್ದು ಒಂದು ಮಂಗಳವಾರ ಬೆಳಿಗ್ಗೆ, ಬಾತ್‌ರೂಮಿನ ಬಾಗಿಲಲ್ಲಿ. ಮೆದುಳಿನ ಎಡಭಾಗಕ್ಕೆ ಪೆಟ್ಟು. ಹಾಗಾಗಿ ಬಲಗೈ, ಬಲಗಾಲು ಹೋಯಿತು. ಮಾತು ಕೂಡ ಹೋಯಿತು, ಏಕೆಂದರೆ ಬಹಳಷ್ಟು ಜನರಲ್ಲಿ ಮಾತಿನ ಕೇಂದ್ರ ಇರುವುದು ಎಡಭಾಗದಲ್ಲೇ. ಮೊದಲ ಎರಡು ವಾರ ಒಂದು ಶಬ್ದವೂ ಇರಲಿಲ್ಲ. ಆಮೇಲೆ ಒಂದು ದಿನ ಪಾಸ್ಟರ್ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಮುಗಿಯುತ್ತಿದ್ದ ಹಾಗೆ ಅಮ್ಮ ಸ್ಪಷ್ಟವಾಗಿ ಹೇಳಿದರು: "ಆಮೆನ್."

ರೂಮಿನಲ್ಲಿದ್ದವರೆಲ್ಲ ಸ್ತೋತ್ರ, ಸ್ತೋತ್ರ ಅಂದರು. ನಾನೂ ಅಂದೆ, ಅಳುವೂ ಬಂತು. ಅದ್ಭುತ ಶುರುವಾಯಿತು ಅಂತ ಎಲ್ಲರಿಗೂ ಅನ್ನಿಸಿತು. ಮಾರನೇ ದಿನ "ಅಮ್ಮಾ, ನೀರು ಬೇಕಾ?" ಅಂತ ಕೇಳಿದೆ. "ಆಮೆನ್." "ನೋವಿದೆಯಾ?" "ಆಮೆನ್." "ನಾನು ಯಾರು ಹೇಳಿ ನೋಡೋಣ?" ನನ್ನ ಮುಖವನ್ನೇ ತುಂಬಾ ಹೊತ್ತು ನೋಡಿ, ತುಟಿ ಹೊಂದಿಸಿಕೊಂಡು, "ಆಮೆನ್."

ಅದೊಂದೇ ಪದ ಉಳಿದಿತ್ತು. ಮೂರೂವರೆ ವರ್ಷವಾದರೂ ಹೆಚ್ಚೇನೂ ಸೇರಿಲ್ಲ. ಇದರಲ್ಲಿ ಪವಾಡ ಏನಿಲ್ಲ ಅಂತ ಆಮೇಲೆ ಡಾಕ್ಟರ್ ಹೇಳಿದರು. ವರ್ಷಗಟ್ಟಲೆ ಹೇಳಿ ಹೇಳಿ ರೂಢಿಯಾದ ಮಾತುಗಳು, ಅಂದರೆ ಎಣಿಕೆ, ಹಾಡು, ಪ್ರಾರ್ಥನೆ, ಬೈಗುಳ, ಇವು ಮಾತು ಹೋದ ಮೇಲೂ ಎಷ್ಟೋ ಜನರಲ್ಲಿ ಉಳಿಯುತ್ತವಂತೆ. ಯೋಚಿಸಿ ಜೋಡಿಸುವ ಮಾತಿನ ದಾರಿ ಬೇರೆ, ತಾನಾಗಿ ಹರಿಯುವ ಮಾತಿನ ದಾರಿ ಬೇರೆ. ಅಮ್ಮನಿಗೆ ಬೈಯುವ ಅಭ್ಯಾಸ ಇರಲಿಲ್ಲ. ಇದ್ದಿದ್ದರೆ ನಮ್ಮ ಮನೆಯ ಕಥೆಯೇ ಬೇರೆ ಆಗುತ್ತಿತ್ತು.

ಈಗ ನನ್ನ ವಿಷಯ. ಮೊದಲು ನಾನು ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ದೇವರು ಮಾಡಿದ್ದನ್ನು ಎಲ್ಲರೆದುರು ಸಾಕ್ಷಿ ಹೇಳಲು ಮುಂದೆ ಬರುವವಳು. ಮೂರು ಬಣ್ಣದ ಪೆನ್ನಿನಲ್ಲಿ ಸತ್ಯವೇದದ, ಅಂದರೆ ಬೈಬಲಿನ, ವಚನಗಳಿಗೆ ಗೆರೆ ಹಾಕುತ್ತಿದ್ದೆ. ವಾಗ್ದಾನಕ್ಕೆ ಹಸಿರು, ಆಜ್ಞೆಗೆ ಕೆಂಪು, ಪ್ರಾರ್ಥನೆಗೆ ನೀಲಿ. ಬೆಳಿಗ್ಗೆ ಐದು ಗಂಟೆಗೆ ಎದ್ದು ಪ್ರಾರ್ಥನೆ. ಅದಕ್ಕೆಂದೇ ಬೇರೆ ಡೈರಿ ಇತ್ತು. ಕೇಳಿದ್ದು ಒಂದು ಕಡೆ, ಸಿಕ್ಕಿದ್ದು ಇನ್ನೊಂದು ಕಡೆ. ಅದೂ ಒಂದು ಲೆಕ್ಕದ ಪುಸ್ತಕವೇ ಅಲ್ವಾ!

ಅಮ್ಮ ಬಿದ್ದ ಮೇಲೆ ಆರು ತಿಂಗಳು ಅದೇ ಹುರುಪಿನಲ್ಲಿ ಹೋಯಿತು. ಆಮೇಲೆ ಸುಮ್ನೆ ನಿಂತುಹೋಯಿತು. ದೇವರ ಮೇಲೆ ಕೋಪವೇನೂ ಬಂದಿರಲಿಲ್ಲ. ದೊಡ್ಡ ಸಂದೇಹವೂ ಇರಲಿಲ್ಲ. ಕೋಪ ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕಲ್ಲ. ನನಗಿದ್ದದ್ದು ನಿದ್ದೆ. ಸತ್ಯವೇದ ತೆರೆದರೆ ಎರಡನೇ ವಚನಕ್ಕೆ ಕಣ್ಣು ಮುಚ್ಚುತ್ತಿತ್ತು. ಒಂದು ಸಲ ಯೆರೆಮೀಯನ ಗ್ರಂಥದ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿದ್ದೆ. ಎದ್ದಾಗ ಪುಟ ಒದ್ದೆ. ಕಣ್ಣೀರಲ್ಲ, ಜೊಲ್ಲು.

ಭಾನುವಾರ ಯಾರಾದರೂ "ಹೇಗಿದ್ದೀರಿ?" ಅಂದರೆ "ದೇವರ ಕೃಪೆ" ಅನ್ನುತ್ತಿದ್ದೆ. ಅದು ಸುಳ್ಳಲ್ಲ. ಆದರೆ ನಾನು ಹೇಳುತ್ತಿದ್ದದ್ದು ಮಾತು ಬೇಗ ಮುಗಿಯಲಿ ಅಂತ.

ಸಭೆಯವರನ್ನು ದೂರುತ್ತಿಲ್ಲ. ಬಂದರು, ಹಾಡಿದರು, ಉಪವಾಸ ಇದ್ದು ಪ್ರಾರ್ಥಿಸಿದರು. ಆದರೆ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಇದೆಯಾ, ಯೋಚಿಸು" ಅಂದರು. ಒಂದು ವಾರ ನಿಜವಾಗಿಯೂ ಯೋಚಿಸಿದೆ. ಸಿಕ್ಕವು ಬೇಕಾದಷ್ಟು, ಆದರೆ ಯಾವುದೂ ಅಮ್ಮನ ರಕ್ತನಾಳಕ್ಕೆ ಸಂಬಂಧಪಟ್ಟಿರಲಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರೂ ಹುಟ್ಟುಕುರುಡನನ್ನು ನೋಡಿ ಇದೇ ಪ್ರಶ್ನೆ ಕೇಳುತ್ತಾರೆ. ಇವನು ಪಾಪ ಮಾಡಿದನೋ, ಇವನ ತಂದೆತಾಯಿಗಳೋ ಅಂತ. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಅನ್ನುತ್ತಾನೆ ಯೇಸು. ಅದು ನನಗೆ ನೆನಪಾದದ್ದು ಎಂಟನೇ ದಿನ.

ಇನ್ನೊಂದು ಮಾತು ಎಲ್ಲರೂ ಹೇಳುವುದು. "ನಾವು ಸಹಿಸಲಾರದ ಭಾರವನ್ನು ದೇವರು ಕೊಡುವುದಿಲ್ಲ." ಇದು ಒಂದನೇ ಕೊರಿಂಥದ, ಅಂದರೆ ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಮೊದಲ ಪತ್ರಿಕೆಯ, 10ನೇ ಅಧ್ಯಾಯದ 13ನೇ ವಚನದಿಂದ ಬಂದದ್ದು. ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ, ಅವರೆಲ್ಲ ನನ್ನನ್ನು ಕ್ಷಮಿಸಲಿ. ಅಲ್ಲಿ ಪೌಲ ಮಾತಾಡುತ್ತಿರುವುದು ಶೋಧನೆಯ ಬಗ್ಗೆ, ಪಾಪಕ್ಕೆ ಎಳೆಯುವ ಸೆಳೆತದ ಬಗ್ಗೆ. ಅದೂ ಒಬ್ಬರಿಗಲ್ಲ, ಇಡೀ ಸಭೆಗೆ. ಅಲ್ಲಿರುವ "ನೀವು" ಮರ್ಯಾದೆಯ ನೀವು ಅಲ್ಲ, ಗುಂಪಿನ ನೀವು. ಅದೇ ಪೌಲ ಅದೇ ಊರಿನವರಿಗೆ ಬರೆದ ಎರಡನೇ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ, ಆಸ್ಯ ಸೀಮೆಯಲ್ಲಿ ನಮ್ಮ ಶಕ್ತಿ ಮೀರಿದ ಭಾರ ನಮ್ಮ ಮೇಲೆ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅಂತ ಬರೆಯುತ್ತಾನೆ. ಶಕ್ತಿ ಮೀರಿದ್ದು! ಅಪೊಸ್ತಲನೇ ಹೇಳಿದ ಮೇಲೆ ನಾನು ಯಾಕೆ ಮುಚ್ಚಿಡಲಿ?

ಹೀಗೆ ಹೇಳುವಷ್ಟು ಧೈರ್ಯ ಈಗ ಬಂದಿದೆ. ಆಗ ಇರಲಿಲ್ಲ.

ಎರಡನೇ ವರ್ಷದ ಒಂದು ರಾತ್ರಿ. ಗಂಡನಿಗೆ ರಾತ್ರಿ ಪಾಳಿ. ನಾಲ್ಕು ಗಂಟೆಯ ಸರದಿ. ಆ ತಿಂಗಳು ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಅಮ್ಮನನ್ನು ಎಡಕ್ಕೆ ಹೊರಳಿಸುವಾಗ ಆ ಕಡೆಯ ಕಂಬಿ ಎತ್ತಿದ್ದೇನೆ ಅಂದುಕೊಂಡಿದ್ದೆ. ಎತ್ತಿರಲಿಲ್ಲ. ದಿಂಬಿಗೆ ಅಂತ ಒಂದು ಕ್ಷಣ ಈ ಕಡೆ ತಿರುಗಿದೆ. ಶಬ್ದ ಕೇಳಿತು. ಗೋಧಿ ಮೂಟೆ ಇಳಿಸಿದ ಹಾಗೆ ಅನ್ನಬಹುದು, ಆದರೆ ಅದು ಸರಿಯಲ್ಲ. ಅಂಥ ಶಬ್ದ ಬೇರೆ ಯಾವುದಕ್ಕೂ ಇಲ್ಲ.

ನೆಲದ ಮೇಲೆ ಅಮ್ಮ ಪಕ್ಕಕ್ಕೆ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದರು. "ಆಮೆನ್" ಅಂದರು. ಮತ್ತೆ ಅಂದರು. ಮೂರನೇ ಸಲ ಅದು ಕೂಗಾಗಿತ್ತು.

ಆ ಪದಕ್ಕೆ ಆಗ ಇದ್ದ ಅರ್ಥ "ಅಯ್ಯೋ" ಅಂತ. ನನಗೆ ಗೊತ್ತು. ಆದರೂ ಕಿವಿಗೆ ಬಿದ್ದದ್ದು ಆಮೆನ್ನೇ. ಎದ್ದು ಬಂದ ಮಗನಿಗೆ ಆಗ ಹದಿಮೂರು. "ಅಜ್ಜಿ ಯಾಕೆ ಕೆಳಗಿದ್ದಾರೆ?" ಅಂದ. ಉತ್ತರ ಕೊಡದೆ, ಕಾಲು ಹಿಡಿ ಅಂದೆ. ಇಬ್ಬರೂ ಸೇರಿ ಬೆಡ್‌ಶೀಟಿನಲ್ಲಿ ಎತ್ತಿದೆವು. ಎತ್ತಬಾರದಿತ್ತಂತೆ, ಮೂಳೆ ಮುರಿದಿದ್ದರೆ ಅಪಾಯ. ಅದೂ ಆಮೇಲೆ ಗೊತ್ತಾದದ್ದು. ಬೆಳಿಗ್ಗೆ ಎಕ್ಸ್‌ರೇ ಮಾಡಿಸಿದೆವು. ಮುರಿದಿರಲಿಲ್ಲ. ಭುಜ ಮಾತ್ರ ತಿಂಗಳ ತನಕ ನೀಲಿ, ಹಸಿರು, ಹಳದಿ.

ಆ ದಿನದ ಪುಟದಲ್ಲಿ 4 ಗಂಟೆಯ ಮುಂದೆ ಏನೂ ಬರೆದಿಲ್ಲ. ಐದನೇ ಪುಸ್ತಕ. ಅದು ಇನ್ನೂ ಇದೆ.

ಅದಾದ ಮೇಲೆ ಪ್ರಾರ್ಥನೆ ಅಂತ ಏನೂ ಮಾಡಲಾಗಲಿಲ್ಲ. ಭಾನುವಾರ ಹೋಗುತ್ತಿದ್ದೆ, ಹಾಡಿಗೆ ತುಟಿ ಆಡಿಸುತ್ತಿದ್ದೆ, ಪ್ರಾರ್ಥನೆಯ ಕೊನೆಗೆ ಎಲ್ಲರೂ "ಆಮೆನ್" ಅಂದಾಗ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಆ ಪದ ಬಾಯಿಗೆ ಬರುತ್ತಿರಲಿಲ್ಲ. ಅಮ್ಮನಿಗೆ ಅದೊಂದೇ ಬರುತ್ತದೆ, ನನಗೆ ಅದೊಂದು ಬಿಟ್ಟು ಎಲ್ಲಾ ಬರುತ್ತದೆ. ಇಬ್ಬರನ್ನೂ ಸೇರಿಸಿದರೆ ಒಂದು ಪೂರ್ತಿ ಕ್ರೈಸ್ತಳು ಆಗಬಹುದೇನೋ ಅಂತ ಒಂದು ರಾತ್ರಿ ನಗು ಬಂದಿತ್ತು.

ಆ ಪದದ ಮೇಲೆ ಜಿದ್ದು ಬಂತು. ಇದಕ್ಕೆ ಏನರ್ಥ ನೋಡೇಬಿಡೋಣ ಅಂತ ಫೋನಿನಲ್ಲಿ ಹೀಬ್ರೂ ಪದಕೋಶ ಹುಡುಕಿದೆ. "ಹಾಗೆಯೇ ಆಗಲಿ" ಅಂತ ಸಂಡೆ ಸ್ಕೂಲಿನಲ್ಲಿ ಕಲಿತದ್ದಷ್ಟೇ ಗೊತ್ತಿತ್ತು. ಅದು ತಪ್ಪಲ್ಲ, ಪೂರ್ತಿಯೂ ಅಲ್ಲ. ಮೂರು ಅಕ್ಷರದ ಒಂದು ಬೇರು, ಅದರಿಂದ ಹೊರಟ ಪದಗಳು ಹತ್ತಾರು. ಬೇರಿನ ಅರ್ಥ ಅಲುಗದೆ ಇರುವುದು, ಭದ್ರವಾಗಿರುವುದು, ಭಾರ ತಡೆಯುವುದು. ಅದರಿಂದಲೇ "ಆಮೆನ್". ಅದರಿಂದಲೇ ಆದಿಕಾಂಡ 15ರಲ್ಲಿ ಅಬ್ರಾಮ ದೇವರನ್ನು ನಂಬಿದ ಅನ್ನುವ ಕ್ರಿಯಾಪದ. ಅದರಿಂದಲೇ "ಎಮೂನಾ", ಅಂದರೆ ನಂಬಿಗಸ್ತಿಕೆ. ಪ್ರಲಾಪಗಳು 3:23ರಲ್ಲಿ ನಿನ್ನ ನಂಬಿಗಸ್ತಿಕೆ ದೊಡ್ಡದು ಅಂತ ಹಾಡಿರುವುದು ಈ ಪದದಲ್ಲೇ, ಅದೂ ಯೆರೂಸಲೇಮ್ ಸುಟ್ಟು ಬೂದಿಯಾದ ಮೇಲೆ.

ಇಷ್ಟಾದರೆ ಒಂದು ಪ್ರಸಂಗಕ್ಕೆ ಸಾಕಾಗುತ್ತಿತ್ತು. ಆದರೆ ಪಟ್ಟಿಯಲ್ಲಿ ಇನ್ನೂ ಒಂದು ಪದ ಇತ್ತು. "ಓಮೆನೆತ್". ಅರ್ಥ: ಮಗುವನ್ನು ಎತ್ತಿ ಆಡಿಸುವವಳು, ಸಾಕುವವಳು, ದಾದಿ. ರೂತಳ ಮಗುವನ್ನು ಅವಳ ಅತ್ತೆ ನೊವೊಮಿ ಎದೆಗೆ ಅವಚಿಕೊಂಡು ಅದಕ್ಕೆ ಓಮೆನೆತ್ ಆದಳು ಅಂತ ಸತ್ಯವೇದದ ರೂತಳ ಗ್ರಂಥದ ಕೊನೆಯಲ್ಲಿ ಬರುತ್ತದೆ. ನೋಡಿಕೊಳ್ಳುವವಳಿಗೂ ನಂಬಿಕೆಗೂ ಒಂದೇ ಬೇರು! ರಾತ್ರಿ ಎರಡೂವರೆ. ಫೋನ್ ಬೆಳಕಿನಲ್ಲಿ ಎದ್ದು ಕುಳಿತೆ.

ಇನ್ನೆಲ್ಲಿ ಬರುತ್ತದೆ ಅಂತ ನೋಡಿದೆ. ಎರಡನೇ ಸಮುವೇಲ 4:4. ಅಲ್ಲಿಗೆ ಹೋದೆ. ರಾಜ ಸೌಲನೂ ಅವನ ಮಗ ಯೋನಾತಾನನೂ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ. ಯೋನಾತಾನನ ಮಗನಿಗೆ ಐದು ವರ್ಷ. ದಾದಿ ಅವನನ್ನು ಎತ್ತಿಕೊಂಡು ಓಡುತ್ತಾಳೆ. ಆತುರದಲ್ಲಿ ಮಗು ಬೀಳುತ್ತದೆ, ಎರಡೂ ಕಾಲು ಕುಂಟಾಗುತ್ತದೆ. ಮಗುವಿನ ಹೆಸರು ಮೆಫೀಬೋಶೆತ. ದಾದಿಯ ಹೆಸರಿಲ್ಲ.

ನನ್ನ ಹಸಿರು, ಕೆಂಪು, ನೀಲಿ ಪೆನ್ನುಗಳು ಈ ವಚನವನ್ನು ಒಂದು ಸಲವೂ ಮುಟ್ಟಿರಲಿಲ್ಲ. ವಾಗ್ದಾನ ಇಲ್ಲ, ಆಜ್ಞೆ ಇಲ್ಲ, ಪ್ರಾರ್ಥನೆ ಇಲ್ಲ. ಎತ್ತಿಕೊಂಡ ಮಗುವನ್ನು ಬೀಳಿಸಿದ ಒಬ್ಬ ಹೆಂಗಸು ಅಷ್ಟೇ. ಅವಳು ಬೀಳಿಸಿದ್ದು ನಿರ್ಲಕ್ಷ್ಯದಿಂದಲ್ಲ. ಕಾಪಾಡಲು ಹೋಗಿ. ಮುಂದೆ ಅವಳೇನಾದಳು ಅಂತ ಒಂದು ಸಾಲೂ ಇಲ್ಲ. ಮೆಫೀಬೋಶೆತ ಮಾತ್ರ 9ನೇ ಅಧ್ಯಾಯದಲ್ಲಿ ಮತ್ತೆ ಬರುತ್ತಾನೆ. ಆಗ ರಾಜನಾಗಿದ್ದ ದಾವೀದ ಅವನನ್ನು ಕರೆಸಿ ತನ್ನ ಪಂಕ್ತಿಯಲ್ಲಿ ಕೂರಿಸುತ್ತಾನೆ. ಆ ಅಧ್ಯಾಯ ಮುಗಿಯುವುದು ಅವನ ಎರಡೂ ಕಾಲು ಕುಂಟಾಗಿದ್ದವು ಅನ್ನುವ ಮಾತಿನಿಂದಲೇ. ಗುಣವಾಗಲಿಲ್ಲ.

ಬೀಳಿಸಿದ ಕಥೆ ಹೇಳುವಾಗಲೂ ಆ ಹೆಂಗಸನ್ನು ಗ್ರಂಥ ಕರೆಯುವುದು ಅದೇ ಹೆಸರಿನಿಂದ. ಓಮೆನೆತ್. ಪದವಿ ಕಿತ್ತುಕೊಂಡಿಲ್ಲ. ಆ ರಾತ್ರಿ ನಾನು ಅತ್ತೆ. ಇದು ಜೊಲ್ಲಲ್ಲ.

ಇದೇ ಬೇರಿನ ಪದ ಇನ್ನೊಂದು ಕಡೆ ಸಿಕ್ಕಿತು. ವಿಮೋಚನಕಾಂಡ 17. ಇಸ್ರಾಯೇಲ್ಯರಿಗೆ ಅಮಾಲೇಕ್ಯರ ಜೊತೆ ಯುದ್ಧ. ಕೆಳಗೆ ಯೆಹೋಶುವ ಕಾದಾಡುತ್ತಾನೆ, ಗುಡ್ಡದ ಮೇಲೆ ಮೋಶೆ ಕೈ ಎತ್ತಿ ನಿಂತಿರುತ್ತಾನೆ. ಕೈ ಮೇಲಿದ್ದಾಗ ಇವರಿಗೆ ಜಯ, ಇಳಿದಾಗ ಅವರಿಗೆ. ಸಂಡೆ ಸ್ಕೂಲಿನಲ್ಲಿ ಇದಕ್ಕೆ ಚಿತ್ರ ಬಿಡಿಸಿದ್ದೇವೆ. ಮೋಶೆಗೆ ಕೈ ಸೋತು ಹೋಗುತ್ತದೆ. ಕೂರಲು ಒಂದು ಕಲ್ಲು ತಂದು ಇಡುತ್ತಾರೆ. ಆರೋನ ಒಂದು ಕೈ, ಹೂರ ಒಂದು ಕೈ ಹಿಡಿದುಕೊಳ್ಳುತ್ತಾರೆ. ಹೊತ್ತು ಮುಳುಗುವ ತನಕ ಕೈ ಇಳಿಯಲಿಲ್ಲ. ಆ "ಇಳಿಯಲಿಲ್ಲ" ಅನ್ನುವ ಜಾಗದಲ್ಲಿ ಹೀಬ್ರೂವಿನಲ್ಲಿ ಇರುವ ಪದ "ಎಮೂನಾ". ಅವನ ಕೈಗಳು ಎಮೂನಾ ಆಗಿದ್ದವು. ಸತ್ಯವೇದದಲ್ಲಿ ಈ ಪದ ಮೊದಲ ಸಲ ಬರುವುದೇ ಇಲ್ಲಿ. ಹೃದಯದ ಬಗ್ಗೆ ಹೇಳುವಾಗ ಅಲ್ಲ, ಮನಸ್ಸಿನ ಬಗ್ಗೆ ಅಲ್ಲ. ನೋಯುತ್ತಿರುವ ಭುಜ, ನಡುಗುವ ತೋಳು, ಅದರ ಬಗ್ಗೆ. ಮೋಶೆಗೆ ಆಗ ಏನನ್ನಿಸುತ್ತಿತ್ತು ಅಂತ ಯಾರೂ ಕೇಳಿಲ್ಲ. ಅವನಿಗೆ ಆತ್ಮದಲ್ಲಿ ಉಲ್ಲಾಸ ಇತ್ತೋ ಇಲ್ಲವೋ ಗೊತ್ತಿಲ್ಲ. ಕೈ ಮೇಲಿತ್ತು.

ಅಷ್ಟು ದಿನ ನಾನು ನನ್ನ ನಂಬಿಕೆಯನ್ನು ಅಳೆಯುತ್ತಿದ್ದದ್ದು ಎದೆಯಲ್ಲಿ. ಬೆಚ್ಚಗಿದೆಯಾ, ತಣ್ಣಗಿದೆಯಾ ಅಂತ. ಅಲ್ಲಿ ಏನೂ ಸಿಗದೆ, ಮುಗಿಯಿತು ನನ್ನ ಕಥೆ ಅಂದುಕೊಂಡಿದ್ದೆ. ಕೈಯಲ್ಲಿ ನೋಡೇ ಇರಲಿಲ್ಲ. ಸ್ಟೂಲಿನ ಮೇಲೆ ಅಷ್ಟೊಂದು ಪುಸ್ತಕ ತುಂಬಿತ್ತು, ಎಡ, ಬಲ, ಅಂಗಾತ ಅಂತ.

ಮಾರನೇ ರಾತ್ರಿಯಿಂದ ಅದೇ ಪುಸ್ತಕದಲ್ಲಿ, ಗಂಟೆಯ ಪಕ್ಕ ಒಂದೊಂದು ಸಾಲು ಬರೆಯಲು ಶುರು ಮಾಡಿದೆ. ಪ್ರಾರ್ಥನೆ ಅಂತ ಕರೆಯಲು ಮೊದಲು ಸಂಕೋಚವಾಯಿತು. "2 ಗಂಟೆ, ಬಲ. ಸಾಕಾಗಿದೆ ಕರ್ತನೇ." "4 ಗಂಟೆ, ಎಡ. ಹಿಮ್ಮಡಿ ಕೆಂಪಗಿದೆ. ನೋಡು." "12 ಗಂಟೆ, ಅಂಗಾತ. ತಮ್ಮ ಫೋನ್ ಮಾಡಿ ವಚನ ಓದಿದ. ಅವನೇ ಒಂದು ವಾರ ಬಂದಿರಲಿ." "2 ಗಂಟೆ, ಬಲ. ಏನೂ ಇಲ್ಲ." ಆ "ಏನೂ ಇಲ್ಲ" ಎಷ್ಟೋ ಪುಟಗಳಲ್ಲಿದೆ. ಬಣ್ಣದ ಪೆನ್ನಿಲ್ಲ. ಸಿಕ್ಕಿದ್ದು ಅಂತ ಎದುರಿಗೆ ಬರೆಯುವ ಕಾಲಮ್ಮೂ ಇಲ್ಲ.

ಹೀಗೆಲ್ಲ ಬರೆಯಬಹುದಾ ಅಂತ ಅನುಮಾನ ಬಂದಾಗ ಸತ್ಯವೇದದ 88ನೇ ಕೀರ್ತನೆ ಓದಿಕೊಳ್ಳುತ್ತೇನೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಾದರೂ ಸ್ವಲ್ಪ ತಿರುಗುತ್ತವೆ, ಆದರೂ ನಾನು ನಿನ್ನನ್ನು ಹೊಗಳುತ್ತೇನೆ ಅನ್ನುತ್ತವೆ. ಇದು ತಿರುಗುವುದಿಲ್ಲ. ಮೂಲದಲ್ಲಿ ಇದರ ಕೊನೆಯ ಪದ ಕತ್ತಲೆ. ಆದರೂ ಹೇಳುತ್ತಿರುವುದು ದೇವರಿಗೇ. ಇದನ್ನು ಸಾಲಿನಿಂದ ಹೊರಗೆ ಹಾಕಲಿಲ್ಲ, ಆರಾಧನೆಯ ಹಾಡುಗಳ ಜೊತೆಗೇ ಇಟ್ಟರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬನನ್ನೇ ನೋಡಿ. ಅವನ ತಾಳ್ಮೆ ಅಂತ ಯಾಕೋಬನ ಪತ್ರಿಕೆ ಹೊಗಳುತ್ತದೆ. ನಮ್ಮ ಕಣ್ಣಿಗೆ ತಾಳ್ಮೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು. ಯೋಬ 3ನೇ ಅಧ್ಯಾಯದಲ್ಲಿ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನು ಶಪಿಸಿದವನು, 31ರ ತನಕ ಸುಮ್ಮನಾಗುವುದಿಲ್ಲ. ಕೊನೆಗೆ ದೇವರು ಬೈದದ್ದು, ದೇವರ ಪರವಾಗಿ ಚೆಂದಚೆಂದವಾಗಿ ಮಾತಾಡಿದ ಆ ಮೂವರು ಗೆಳೆಯರನ್ನು. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ. ಪಾಪ, ಆ ಗೆಳೆಯರೂ ಶುರುವಿನಲ್ಲಿ ಚೆನ್ನಾಗಿಯೇ ಇದ್ದರು. ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು. ಎಂಟನೇ ದಿನ ಎದ್ದು ಮನೆಗೆ ಹೋಗಿದ್ದರೆ ಸಾಕಿತ್ತು.

ಹುತಾತ್ಮರ ಕಥೆಗಳನ್ನು ಕೇಳಿ ಬೆಳೆದವಳು ನಾನು. ಸಿಂಹದ ಬಾಯಿ, ಬೆಂಕಿ, ಕತ್ತಿ. ಚಿಕ್ಕವಳಿದ್ದಾಗ, ನಾನಾಗಿದ್ದರೆ ಯೇಸುವನ್ನು ಬಿಟ್ಟುಕೊಡುತ್ತಿರಲಿಲ್ಲ ಅಂತ ಎದೆಯುಬ್ಬಿಸಿ ಮಲಗುತ್ತಿದ್ದೆ. ಯಾರೂ ನನ್ನ ಮುಂದೆ ಸಿಂಹ ತಂದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ದಿಂಬು, ಟಾರ್ಚು, ತೊಳೆಯಬೇಕಾದ ಬಟ್ಟೆ. ಎರಡನೇ ಶತಮಾನದಲ್ಲಿ ಸ್ಮುರ್ನ ಪಟ್ಟಣದ ಬಿಷಪ್ ಆಗಿದ್ದ ಪಾಲಿಕಾರ್ಪ್ ಬಗ್ಗೆ ನೀವೂ ಕೇಳಿರಬಹುದು. ಕ್ರಿಸ್ತನನ್ನು ನಿಂದಿಸು, ಬಿಟ್ಟುಬಿಡುತ್ತೇನೆ ಅಂತ ಅಧಿಕಾರಿ ಹೇಳಿದಾಗ ಆ ಮುದುಕ ಕೊಟ್ಟ ಉತ್ತರ ಪ್ರಸಿದ್ಧ. 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತ ನನಗೆ ಯಾವ ಕೇಡೂ ಮಾಡಿಲ್ಲ, ನನ್ನ ರಾಜನನ್ನು ಹೇಗೆ ನಿಂದಿಸಲಿ ಅಂತ. ಅವರನ್ನು ಸುಡಲು ಬೆಂಕಿ ಹಚ್ಚಿದರು. ನಾವು ನೆನಪಿಡುವುದು ಆ ಒಂದು ದಿನದ ಬೆಂಕಿಯನ್ನು. ಅವರು ಲೆಕ್ಕ ಕೊಟ್ಟದ್ದು 86 ವರ್ಷದ್ದು. ಅಷ್ಟು ವರ್ಷಗಳಲ್ಲಿ ಎಷ್ಟು ಸಾದಾ ಮಂಗಳವಾರಗಳು ಇದ್ದಿರಬೇಕು! ಲೆಕ್ಕದವಳಾದ ನನಗೆ ಅದು ಕಣ್ಣಿಗೆ ಬೀಳದೆ ಇರುತ್ತದೆಯೇ?

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಮೋಶೆಗೆ ಕೂರಲು ಕಲ್ಲು ತಂದರಲ್ಲ, ಅದು. ಸಹಾಯ ಕೇಳುವುದು ನನಗೆ ಪ್ರಾರ್ಥನೆಗಿಂತ ಕಷ್ಟ. ದೇವರ ಹತ್ತಿರ ಕೇಳಿದರೆ ಪಕ್ಕದ ಮನೆಯವರಿಗೆ ಗೊತ್ತಾಗುವುದಿಲ್ಲ. ಬೈಬಲ್ ತರಗತಿಯಲ್ಲಿ ಒಂದು ದಿನ "ಪ್ರಾರ್ಥನಾ ವಿಷಯಗಳು ಏನಾದರೂ ಇವೆಯಾ?" ಅಂದಾಗ, ಎಂದಿನಂತೆ ಅಮ್ಮನ ಸ್ವಸ್ಥತೆಗಾಗಿ ಅನ್ನಲು ಹೋಗಿ, ಬಾಯಿ ತಪ್ಪಿ "ನನಗೆ ಎರಡು ಗಂಟೆ ನಿದ್ದೆ ಬೇಕು" ಅಂದುಬಿಟ್ಟೆ. ಎಲ್ಲರೂ ಸುಮ್ಮನಾದರು. ಅಷ್ಟು ಹೊತ್ತು ಯಾವ ಪ್ರಾರ್ಥನೆಯಲ್ಲೂ ಮೌನ ಇದ್ದದ್ದು ನಾನು ನೋಡಿಲ್ಲ.

ಆ ಗುರುವಾರ ಮಧ್ಯಾಹ್ನ ಒಬ್ಬ ಅಕ್ಕ ಬಂದರು. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವವರು, ನನಗೆ ಅಷ್ಟು ಪರಿಚಯವೂ ಇರಲಿಲ್ಲ. ವಚನ ಓದಲಿಲ್ಲ. ಪ್ರಾರ್ಥನೆಯನ್ನೂ ಗಟ್ಟಿಯಾಗಿ ಮಾಡಲಿಲ್ಲ. "ಯಾವ ಕಡೆ ಹೊರಳಿಸಬೇಕು, ಯಾವಾಗ, ತೋರಿಸು. ನೀನು ಹೋಗಿ ಮಲಗು" ಅಂದರು. ಅವರು ತಮ್ಮ ಗಂಡನನ್ನು ಹನ್ನೊಂದು ವರ್ಷ ಹೀಗೇ ನೋಡಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಅವರ ಕೈ ದಿಂಬು ಇಟ್ಟ ರೀತಿ ನೋಡಿದರೇ ಗೊತ್ತಾಗುತ್ತಿತ್ತು. ಈಗ ಪ್ರತಿ ಗುರುವಾರ ಬರುತ್ತಾರೆ. ಪುಸ್ತಕದಲ್ಲಿ ಗುರುವಾರದ ಮಧ್ಯಾಹ್ನದ ಸಾಲುಗಳು ಅವರ ದುಂಡು ಅಕ್ಷರದಲ್ಲಿವೆ. ಪಕ್ಕದಲ್ಲಿ ಏನೂ ಬರೆಯುವುದಿಲ್ಲ. ಅವರಿಗೆ ಬೇಕಾದ್ದನ್ನು ಬೇರೆಲ್ಲೋ ಹೇಳಿಕೊಂಡಿರುತ್ತಾರೆ.

ಎಲ್ಲಾ ಸರಿಹೋಯಿತು ಅಂತ ತಿಳಿಯಬೇಡಿ. ಅಮ್ಮ ಹಾಗೇ ಇದ್ದಾರೆ. ಹೋದ ತಿಂಗಳು ಎರಡು ಸಲ ಎದೆಯ ಸೋಂಕು ಬಂತು. ನನ್ನ ಬೆನ್ನು ನೋವು ಜಾಸ್ತಿಯಾಗಿದೆ. ಭಾನುವಾರ ಹಾಡುವಾಗ ಒಂದೊಂದು ಸಲ ಏನೋ ಕದಲುತ್ತದೆ, ಹೆಚ್ಚಿನ ಸಲ ಇಲ್ಲ. 130ನೇ ಕೀರ್ತನೆಯಲ್ಲಿ ಕಾವಲುಗಾರರು ಬೆಳಗಾಗುವುದನ್ನು ಕಾಯುವ ಮಾತು ಇದೆಯಲ್ಲ, ಅದನ್ನು ಹಾಡಿದವನು ಒಂದೇ ಉಸಿರಿನಲ್ಲಿ ಎರಡು ಸಲ ಹೇಳುತ್ತಾನೆ. ರಾತ್ರಿ ಕಾವಲಿದ್ದವನೇ ಬರೆದಿರಬೇಕು. ಎರಡು ಗಂಟೆಗೂ ನಾಲ್ಕು ಗಂಟೆಗೂ ನಡುವೆ ಅದು ಎರಡು ಸಲ ಹೇಳುವಷ್ಟು ಉದ್ದವೇ ಇರುತ್ತದೆ.

"ಆಮೆನ್" ಅನ್ನುವುದನ್ನು ಮತ್ತೆ ಶುರು ಮಾಡಿದ್ದೇನೆ. ಮೆಲ್ಲಗೆ. ಪರಲೋಕ ಪ್ರಾರ್ಥನೆಯನ್ನು ನಾನು ಹೇಳಿದರೆ ಅಮ್ಮ ಅದರ ಧಾಟಿಯಲ್ಲಿ ಮ್ ಮ್ ಅನ್ನುತ್ತಾ ಬರುತ್ತಾರೆ. ಕೊನೆಯ ಪದಕ್ಕೆ ನಾನು ಕಾಯುತ್ತೇನೆ. ಅವರು ಮೊದಲು, ನಾನು ಆಮೇಲೆ.

ನನ್ನ ಗಂಡನ ಬಗ್ಗೆ ಹೆಚ್ಚು ಬರೆದಿಲ್ಲ. ಅವರು ಸಭೆಗೆ ಬರುವುದಿಲ್ಲ. ಮದುವೆಯಾದಾಗಿನಿಂದಲೂ ನನ್ನನ್ನು ಬಾಗಿಲ ತನಕ ಬಿಟ್ಟು, ಹೊರಗೆ ಗಾಡಿಯ ಮೇಲೆ ಕೂತು ಪೇಪರ್ ಓದುತ್ತಾರೆ. ಮಳೆ ಬಂದರೆ ವರಾಂಡಾ ತನಕ ಬರುತ್ತಾರೆ, ಅಷ್ಟೇ. ನಾನು ಒತ್ತಾಯಿಸುವುದು ಬಿಟ್ಟು ಹತ್ತು ವರ್ಷವಾಯಿತು. ಅವರಿಗೆ ರಾತ್ರಿ ಪಾಳಿ ತಪ್ಪಿ ಈಗ ಎರಡು ವಾರ.

ಮೊನ್ನೆ ಬೆಳಿಗ್ಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಎದೆ ಧಸಕ್ ಅಂದಿತು. ಆರೂ ಕಾಲು. ನಾಲ್ಕು ಗಂಟೆಯ ಅಲಾರಂ ಹೊಡೆದೇ ಇಲ್ಲ. ಫೋನ್ ದಿಂಬಿನ ಕೆಳಗಿರಲಿಲ್ಲ. ಓಡಿಹೋಗಿ ನೋಡಿದರೆ ಅಮ್ಮ ನಿದ್ದೆಯಲ್ಲಿದ್ದಾರೆ. ಬೆನ್ನಿಗೆ ದಿಂಬಿದೆ. ಕಂಬಿ ಎತ್ತಿದೆ. ಇವರು ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ, ನನ್ನ ಫೋನ್ ಅವರ ಜೇಬಿನಲ್ಲಿದೆ. ಸ್ಟೂಲಿನ ಮೇಲೆ ಪುಸ್ತಕ ತೆರೆದಿತ್ತು. ನನ್ನ ಎರಡು ಗಂಟೆಯ ಸಾಲಿನ ಕೆಳಗೆ ಅವರ ಕೋಳಿ ಕಾಲಿನ ಅಕ್ಷರ.

"4:10. ಎಡ. ದಿಂಬು ಮೂರೂ ಇಟ್ಟೆ. ಅತ್ತೆ ಆಮೆನ್ ಅಂದರು."

ಅಮ್ಮ ಮಲಗಿದ್ದು ಬಲಕ್ಕೆ.